ಹೆಸರು ಮುಂದೆ, ಅಚ್ಚು ಹಿಂದೆ

ಗಾಡಿಯ ಅವಯವಗಳಲ್ಲೆಲ್ಲ ನಿರ್ಭಾಗ್ಯವಾದುದು ಯಾವುದೆಂದು ಯಾರಾದರೂ ಕೇಳಿದರೆ ಅಚ್ಚು ಎಂದೇ ಉತ್ತರ ಹೇಳಬೇಕಾಗುತ್ತದೆ. ಚಕ್ರಕ್ಕೆ ಕವಿಗಳ ಮನ್ನಣೆಯುಂಟು. ಕಾಲವನ್ನೂ ಸಂಸಾರವನ್ನೂ ಅವರು ಚಕ್ರವೆಂದೇ ಕರೆದಿದ್ದಾರೆ. ನೊಗಕ್ಕೆ ಗಾದೆಗಳ ಗೌರವವುಂಟು. ಎತ್ತಿನ ಕೊರಳಿಗೆ ಗೆಜ್ಜೆಯೂ ಕೊಂಬಿಗೆ ಬಣ್ಣವೂ ಸಲ್ಲುತ್ತವೆ. ಅಚ್ಚಿಗೆ ದೊರೆಯುವುದು ಯಾವಾಗಲೋ ಒಮ್ಮೆ ಒಂದಿಷ್ಟು ಕೀಲೆಣ್ಣೆ ಮಾತ್ರ. ಅದು ಇರುವಷ್ಟು ದಿನ ಇದೆಯೆಂದು ಯಾರಿಗೂ ತಿಳಿಯದು. ಮುರಿದ ದಿನ ಊರೇ ಬಗ್ಗಿ ನೋಡುತ್ತದೆ.

ದಶರಥನ ರಥದ ಕೀಲು ಯುದ್ಧದ ನಡುವೆ ಕಳಚಿದಾಗ ಕೈಕೇಯಿ ತನ್ನ ಬೆರಳನ್ನೇ ಕೀಲಾಗಿಟ್ಟು ಗಂಡನನ್ನು ಕಾಪಾಡಿದಳೆಂಬ ಕಥೆಯನ್ನು ಕೇಳದೆ ಬೆಳೆದ ಮಕ್ಕಳು ವಿರಳ. ಆ ಒಂದು ಬೆರಳಿನ ಋಣ ಎರಡು ವರಗಳಾಗಿ, ವರಗಳು ವನವಾಸವಾಗಿ, ಕೊನೆಗೆ ರಾಮಾಯಣವೇ ಆಯಿತು. ಅಚ್ಚು ಕೀಲುಗಳ ಋಣ ಒಂದು ತಲೆಮಾರಿಗೆ ತೀರುವುದಲ್ಲವೆಂಬುದು ಹಳೆಯವರಿಗೆ ಗೊತ್ತಿತ್ತು.

ಕೊಟ್ಟೂರಿನ ಗುರು ಕೊಟ್ಟೂರೇಶ್ವರನ ರಥೋತ್ಸವಕ್ಕೆ ಸುತ್ತಣ ಸೀಮೆಯ ಜನ ಕಾಲ್ನಡಿಗೆಯಲ್ಲಿ ಬರುತ್ತಾರೆ. ಬಂದವರೆಲ್ಲರ ಕಣ್ಣೂ ಮುಗಿಲೆತ್ತರದ ಕಳಸದ ಮೇಲೆಯೇ. 2017ರ ಫೆಬ್ರುವರಿಯಲ್ಲಿ ಆ ರಥ ಉರುಳಿಬಿದ್ದಿತು. ಕಳಸವನ್ನು ನೋಡಿ ಕೈಮುಗಿಯುತ್ತಿದ್ದವರು ಅಂದಿನಿಂದ ಒಮ್ಮೆ ಗಾಲಿಗಳ ಕಡೆಗೂ ಕಣ್ಣು ಹಾಯಿಸತೊಡಗಿದರೆ ಅದರಲ್ಲಿ ಸೋಜಿಗವಿಲ್ಲ.

ಎತ್ತಿನ ಗಾಡಿಗೂ ದೇವರ ರಥಕ್ಕೂ ಸಲ್ಲುವ ಈ ಮಾತು ಮೋಟಾರು ಗಾಡಿಗೂ ಸಲ್ಲುತ್ತದೆ. ಅದರ ಹೆಸರು ಮುಂದೆ, ಬಾನೆಟ್ಟಿನ ಮೇಲೆ, ಬೆಳ್ಳಿಯಂತೆ ಹೊಳೆಯುತ್ತಿರುತ್ತದೆ. ಅದರ ಯೋಗ್ಯತೆ ಹಿಂದೆ, ಕೆಸರು ಗ್ರೀಸುಗಳ ನಡುವೆ, ಅಚ್ಚಿನಲ್ಲಿ ಅಡಗಿರುತ್ತದೆ. ಇವೆರಡೂ ಒಂದೇ ಮಾತನ್ನು ಹೇಳುತ್ತಿದ್ದರೆ ಸಂತೋಷ. ಬೇರೆ ಬೇರೆ ಮಾತು ಹೇಳಿದರೆ ಏನಾಗುತ್ತದೆಂಬುದಕ್ಕೆ ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿಯ ಒಂದು ಮನೆಯ ಸಂಗತಿ ನಿದರ್ಶನವಾಗಬಲ್ಲುದು.

ಆ ಮನೆಯ ಯಜಮಾನರು ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ಊರಿಗೆಲ್ಲ 'ಮೇಷ್ಟ್ರು'. ಅವರ ತಂದೆ ಶೇಂಗಾ ವ್ಯಾಪಾರದ ಸಾಹುಕಾರರು. ಮನೆಯ ಹಿಂದೆ ದನದ ಕೊಟ್ಟಿಗೆಗೆ ಹೊಂದಿಕೊಂಡ ಚಪ್ಪರದ ಕೆಳಗೆ ಒಂದು ಹಳೆಯ ಷೆವರ್ಲೆ ಪಿಕಪ್ಪು ನಿಂತಿತ್ತು. ನಿಂತಿತ್ತು ಎಂಬುದಕ್ಕಿಂತ ಒರಗಿತ್ತು ಎಂಬುದು ಸರಿಯಾದೀತು. ಕೋಳಿಗಳು ಅದರ ಸೀಟಿನ ಮೇಲೆ ಮೊಟ್ಟೆಯಿಡುತ್ತಿದ್ದವು. ಹುಣಸೆಯ ಮೂಟೆಗಳು ಅದರ ಬೆನ್ನಿನ ಮೇಲೆ ಮಳೆಗಾಲ ಕಳೆಯುತ್ತಿದ್ದವು.

ಇಂಥ ಗಾಡಿಗಳು ಈ ಸೀಮೆಗೆ ಬಂದ ಬಗೆ ಸರಳ. ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆ 1928ರಲ್ಲಿ ಮುಂಬಯಿಯ ಸೇವ್ರಿಯಲ್ಲಿ ಕಾರ್ಖಾನೆ ತೆರೆದು, ಬಿಡಿಭಾಗಗಳನ್ನು ಹಡಗಿನಲ್ಲಿ ತರಿಸಿ ಷೆವರ್ಲೆ ಗಾಡಿಗಳನ್ನು ಜೋಡಿಸುತ್ತಿದ್ದಿತು. 1954ರಲ್ಲಿ ಆ ಕೆಲಸ ನಿಂತಿತು. ಅಷ್ಟರಲ್ಲಿ ಆ ಗಾಡಿಗಳು ದೇಶದ ಮೂಲೆಮೂಲೆಯನ್ನೂ ಸೇರಿದ್ದವು. ಮೊದಲನೆಯ ಒಡೆಯ ಪಟ್ಟಣದ ವ್ಯಾಪಾರಿ, ಎರಡನೆಯವನು ತಾಲ್ಲೂಕಿನ ಗುತ್ತಿಗೆದಾರ, ಮೂರನೆಯವನು ಹಳ್ಳಿಯ ಸಾಹುಕಾರ: ಹೀಗೆ ಕೈಯಿಂದ ಕೈಗೆ ಇಳಿದು ಬರುತ್ತಿದ್ದವು. ಹೊಸಹಳ್ಳಿಯ ಸಾಹುಕಾರರು ಕೊಂಡದ್ದೂ ಇಂಥ ಮೂರನೆಯ ಕೈಯ ಗಾಡಿಯನ್ನೇ.

ಗಾಡಿಯ ಬಾನೆಟ್ಟಿನ ಎರಡು ಪಕ್ಕದಲ್ಲಿಯೂ 'ಷೆವರ್ಲೆ' ಎಂಬ ಹೆಸರು. ಅದರ ಕೆಳಗೆ '3800' ಎಂಬ ಅಂಕಿ. 1947ರಿಂದ ಹೊಸ ರೂಪದಲ್ಲಿ ಬಂದ ಈ ಷೆವರ್ಲೆಗಳಲ್ಲಿ ಅರ್ಧ ಟನ್ನಿನದಕ್ಕೆ 3100, ಮುಕ್ಕಾಲು ಟನ್ನಿನದಕ್ಕೆ 3600, ಒಂದು ಟನ್ನಿನದಕ್ಕೆ 3800 ಎಂದು ಸಂಖ್ಯೆ. 1949ರಿಂದ ಆ ಸಂಖ್ಯೆಯನ್ನು ಬಾನೆಟ್ಟಿನ ಮೇಲೆಯೇ ಕೂರಿಸತೊಡಗಿದರು. ಸಾಹುಕಾರರಿಗೆ ಇಂಗ್ಲಿಷು ಬಾರದಿದ್ದರೂ ಅಂಕಿ ಬರುತ್ತಿತ್ತು. ಮಾರಿದವನು '3800 ಅಂದ್ರ ಒಂದು ಟನ್ನು' ಎಂದು ಹೇಳಿದ. ಪೇಟೆಯಲ್ಲಿ ವಿಚಾರಿಸಿದಾಗ ಇನ್ನಿಬ್ಬರು ಹೌದೆಂದರು. ಆ ಮಾತೂ ಸುಳ್ಳಲ್ಲ. ಮರುದಿನದಿಂದ ಗಾಡಿಗೆ ಒಂದು ಟನ್ನಿನ ಲೆಕ್ಕಕ್ಕೆ ಶೇಂಗಾ ಚೀಲ ಬೀಳತೊಡಗಿದವು.

ಅರುವತ್ತು ವರ್ಷಗಳ ಮೇಲೆ ಆ ಗಾಡಿಯನ್ನು ಕೊಳ್ಳಲು ಬೆಂಗಳೂರಿನಿಂದ ಒಬ್ಬ ತರುಣ ಬಂದ. ಹಳೆಯ ಗಾಡಿಗಳನ್ನು ಕೊಂಡು, ತೊಳೆದು, ಬಣ್ಣ ಬಳಿದು, ಹಬ್ಬದ ಹೋರಿಯಂತೆ ಮೆರವಣಿಗೆಗೆ ಹೊರಡಿಸುವವರ ಬಳಗವೊಂದು ಪಟ್ಟಣಗಳಲ್ಲಿದೆ; ಆತ ಆ ಬಳಗದವನು. ಗಾಡಿಯನ್ನು ಒಂದು ಸುತ್ತು ಬಂದವನೇ, 'ಮೇಷ್ಟ್ರೇ, ಇದರ ನಿಜವಾದ ಮಾಡೆಲ್ಲು ಯಾವುದೆಂದು ಗೊತ್ತಾಗದೆ ಬೆಲೆ ಹೇಳುವುದು ಹೇಗೆ?' ಎಂದ. ಮೇಷ್ಟ್ರು ಬಾನೆಟ್ಟನ್ನು ತೋರಿಸಿದರು. ತರುಣ ನಕ್ಕು, ಬಾಗಿಲ ಪಕ್ಕದ ಕಂಬದಲ್ಲಿ ಸಂಖ್ಯೆಯ ತಗಡು ಇರಬೇಕಾದ ಜಾಗವನ್ನು ತೋರಿಸಿದ. ಅಲ್ಲಿ ಎರಡು ತೂತುಗಳಿದ್ದವು, ತಗಡು ಇರಲಿಲ್ಲ. ಗಾಡಿಯ ಕಾಗದಪತ್ರಗಳು ಗೆದ್ದಲಿಗೆ ಆಹಾರವಾಗಿ ಎಷ್ಟೋ ಕಾಲವಾಗಿತ್ತು.

ಹೀಗಾಗಿ ಹೊಸಪೇಟೆಯ ಕಡೆಯಿಂದ ಒಬ್ಬ ಹಿರಿಯ ಮೇಸ್ತ್ರಿಯನ್ನು ಕರೆಸಬೇಕಾಯಿತು. ಗುಜರಿ ಅಂಗಡಿಗಳ ರಾಶಿಯಲ್ಲಿ ಒಂದು ಹಲ್ಲಿನ ಚಕ್ರವನ್ನು ಕಂಡರೂ ಅದು ಯಾವ ಗಾಡಿಯ ಹೊಟ್ಟೆಯಿಂದ ಬಂದದ್ದೆಂದು ಹೇಳಬಲ್ಲ ಮನುಷ್ಯ ಆತ. ಓದಿದ್ದು ನಾಲ್ಕನೆಯ ಇಯತ್ತೆ. ಆದರೆ ಗಾಡಿಗಳ ವಿಷಯದಲ್ಲಿ ಆತ ವಿಮರ್ಶಕನೇ ಸರಿ. ಕಾವ್ಯದ ಹೊದಿಕೆಯ ಮೇಲೆ ಕವಿಯ ಹೆಸರಿದ್ದ ಮಾತ್ರಕ್ಕೆ ಒಳಗಿನ ಪಾಠ ಅವನದೇ ಎಂದು ಒಪ್ಪದ ಪಂಡಿತರಂತೆ, ಮೇಸ್ತ್ರಿಯೂ ಬಾನೆಟ್ಟನ್ನು ಪ್ರಮಾಣವೆಂದು ಒಪ್ಪಲಿಲ್ಲ.

'ಬಾನೆಟ್ಟು ಅಂದ್ರ ಟೋಪಿ ಇದ್ದಂಗ್ರಿ ಮೇಷ್ಟ್ರೆ,' ಎಂದ ಆತ, 'ಯಾರ ತಲಿಗೆ ಬೇಕಾದ್ರೂ ಕುಂದರತೈತಿ.'

ಮಾತು ನಿಜ. ಮೂರು ಬಗೆಯ ಪಿಕಪ್ಪುಗಳಿಗೂ ಮುಂಭಾಗದ ತಗಡು ಒಂದೇ. ಒಂದರ ಬಾನೆಟ್ಟು ಜಜ್ಜಿಹೋದರೆ ಗುಜರಿಯಿಂದ ಇನ್ನೊಂದರದನ್ನು ತಂದು ಕೂರಿಸಿಬಿಡಬಹುದು. ಹಾಗೆ ಕೂರಿಸಿದವನು ಮೋಸಗಾರನೇ ಆಗಿರಬೇಕೆಂದಿಲ್ಲ. ಆದರೆ ತಗಡಿನೊಡನೆ ಹೆಸರೂ ಬರುತ್ತದೆ; ಹೆಸರಿನೊಡನೆ ನಂಬಿಕೆ ಬರುತ್ತದೆ.

ಹೆಸರು ಬದಲಾಗುವುದು ಈ ಸೀಮೆಗೆ ಹೊಸದೂ ಅಲ್ಲ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳೆಲ್ಲ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿದ್ದವು. 1953ರ ಅಕ್ಟೋಬರ್ 1ರಂದು ಅವು ಮೈಸೂರು ರಾಜ್ಯಕ್ಕೆ ಸೇರಿದವು; 1973ರಲ್ಲಿ ಆ ರಾಜ್ಯ ಕರ್ನಾಟಕವಾಯಿತು. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, ಮತ್ತೆ ಬಳ್ಳಾರಿಗೆ ಮರಳಿತು. 2021ರಲ್ಲಿ ಇವೆಲ್ಲವೂ ವಿಜಯನಗರ ಜಿಲ್ಲೆಯವಾದವು. ಕಚೇರಿಗಳ ಮುಂದಿನ ಫಲಕಗಳನ್ನು ಬರೆಯುವವನಿಗೆ ಕೆಲಸ ದೊರೆಯಿತು. ಕೆಂಪು ಮಸಾರಿ ನೆಲ ಮಾತ್ರ ಹಾಗೆಯೇ ಇದೆ. ಮಳೆ ಬಂದರೆ ಶೇಂಗಾ, ಬಾರದಿದ್ದರೆ ಗುಳೆ.

ಮೋಟಾರು ಲೋಕದಲ್ಲಂತೂ ಒಂದೇ ಶರೀರಕ್ಕೆ ಮೂರು ನಾಮಕರಣವಾದುದುಂಟು. ವಾಲ್‌ಚಂದ್ ಹೀರಾಚಂದರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಕಾರ್ಖಾನೆ ಕ್ರೈಸ್ಲರ್ ಕಂಪನಿಯ ಲಾರಿಗಳನ್ನು ಜೋಡಿಸುತ್ತಿತ್ತು. ಒಂದೇ ಲಾರಿ ಡಾಡ್ಜ್, ಡಿಸೋಟೊ, ಫಾರ್ಗೊ ಎಂಬ ಮೂರು ಹೆಸರುಗಳಿಂದ ಮಾರಾಟವಾಯಿತು. ಫಾರ್ಗೊ ಗಟ್ಟಿ, ಡಿಸೋಟೊ ಗಟ್ಟಿ ಎಂದು ಕಟ್ಟೆಯ ಮೇಲೆ ಕುಳಿತು ವಾದಿಸಿದವರೆಲ್ಲ ಒಂದೇ ಗಾಡಿಯನ್ನು ಹೊಗಳುತ್ತಿದ್ದರು.

ಜೀಪಿನ ಕಥೆ ಇದಕ್ಕೆ ತಿರುವುಮುರುವು: ನೋಡಲು ಒಂದೇ, ಒಳಗೆ ಬೇರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಕೂಡಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ವಿಲ್ಲಿಸ್ಸಿನದು ಎಂ.ಬಿ., ಫೋರ್ಡಿನದು ಜಿ.ಪಿ.ಡಬ್ಲ್ಯು. ಯುದ್ಧ ಮುಗಿದ ಮೇಲೆ ಮಹೀಂದ್ರರು ನಾಡಿನಲ್ಲಿ ಜೋಡಿಸತೊಡಗಿದ್ದು ನಾಗರಿಕರ ಜೀಪನ್ನು. ಅದರಲ್ಲಿ ಎತ್ತರದ ಬಾನೆಟ್ಟಿನ ಸಿ.ಜೆ. 3 ಬಿ ಊರೂರಿಗೂ ಪರಿಚಿತವಾಯಿತು. ಇಂದಿಗೂ ಎಷ್ಟೋ ಮನೆಗಳಲ್ಲಿ 'ನಮ್ಮದು ಮಿಲಿಟರಿ ಜೀಪು' ಎಂಬ ಅಭಿಮಾನವುಂಟು. ಮುಂದಿನ ಜಾಲರಿಯಲ್ಲಿ ಒಂಬತ್ತು ಸೀಳಿದ್ದರೆ ಯುದ್ಧದ್ದು, ಏಳಿದ್ದರೆ ನಾಗರಿಕರದು ಎಂದು ಎಣಿಸಿ ನೋಡುವವರುಂಟು. ಜಾಲರಿಯೂ ತಗಡೇ, ಅದನ್ನೂ ಬದಲಾಯಿಸಬಹುದು. ಬಲ್ಲವರು ಹಿಂದಿನ ಗಾಲಿಯ ನಡುವನ್ನು ನೋಡುತ್ತಾರೆ. ಯುದ್ಧದ ಜೀಪಿನ ಹಿಂದಿನ ಅಚ್ಚು ಒಂದು ಜಾತಿಯದು, ಸಿ.ಜೆ. 3 ಬಿಯದು ಇನ್ನೊಂದು ಜಾತಿಯದು.

ಈ ಜಾತಿಭೇದವನ್ನು ಮೇಸ್ತ್ರಿ ಮೇಷ್ಟ್ರಿಗೆ ತಿಳಿಸಿದ ರೀತಿ ಸೊಗಸಾಗಿತ್ತು. ಚಪ್ಪರದ ಪಕ್ಕದಲ್ಲಿ ನಿಂತಿದ್ದ ಎತ್ತಿನ ಗಾಡಿಯನ್ನೇ ಆತ ಪಾಠೋಪಕರಣ ಮಾಡಿಕೊಂಡ. ಎತ್ತಿನ ಗಾಡಿಯ ಅಚ್ಚಿಗೆ ಒಂದೇ ಕೆಲಸ, ಹೊರುವುದು. ಅದು ತಿರುಗುವುದಿಲ್ಲ, ಗಾಲಿ ಅದರ ಸುತ್ತ ತಿರುಗುತ್ತದೆ, ಎಳೆಯುವವು ಎತ್ತುಗಳು. ಮೋಟಾರು ಗಾಡಿಯಲ್ಲಿ ಹೊರುವ ಕೆಲಸದ ಜೊತೆಗೆ ಗಾಲಿಯನ್ನು ತಿರುಗಿಸುವ ಕೆಲಸವೂ ಹಿಂದಿನ ಅಚ್ಚಿನಲ್ಲೇ ನಡೆಯಬೇಕು. ಭಾರದ ಗಾಡಿಗಳಲ್ಲಿ ಈ ಎರಡು ಕೆಲಸವನ್ನು ಇಬ್ಬರಿಗೆ ಹಂಚಿರುತ್ತಾರೆ. ಹೊರಗಿನ ದಪ್ಪ ಕೊಳವೆ, ಎಂದರೆ ಹೌಸಿಂಗು, ಭಾರ ಹೊರುತ್ತದೆ. ಗಾಲಿಯ ಬೇರಿಂಗುಗಳು ಅದರ ಮೇಲೆಯೇ ಕೂತಿರುತ್ತವೆ. ಒಳಗಿನ ದಂಡ ಬರಿದೇ ತಿರುಗಿಸುತ್ತದೆ. ಇದಕ್ಕೆ ಫುಲ್ ಫ್ಲೋಟಿಂಗ್ ಎಂದು ಹೆಸರು. ಇಲ್ಲಿ ಒಳಗಿನ ದಂಡ ಮುರಿದರೂ ಗಾಲಿ ಬೀಳುವುದಿಲ್ಲ. ಗಾಡಿ ಮುಂದೆ ಹೋಗದು, ಅಷ್ಟೆ. ಹಗುರ ಗಾಡಿಗಳಲ್ಲಿ ಖರ್ಚು ಉಳಿಸಲು ಒಳಗಿನ ದಂಡಕ್ಕೇ ಎರಡೂ ಕೆಲಸವನ್ನು ಒಪ್ಪಿಸಿರುತ್ತಾರೆ. ಅದು ತಿರುಗಿಸಲೂ ಬೇಕು, ತುದಿಯಲ್ಲಿ ಗಾಡಿಯ ಭಾರವನ್ನು ಹೊರಲೂ ಬೇಕು. ಇದು ಸೆಮಿ ಫ್ಲೋಟಿಂಗ್. ಇಲ್ಲಿ ದಂಡ ಮುರಿಯಿತೆಂದರೆ ಗಾಲಿ ದಂಡದ ತುಂಡಿನೊಡನೆ ಹೊರಟೇಹೋಗುತ್ತದೆ.

'ಕೂಲಿಯವ್ನ ಕೈಯಾಗ ಹೊರೂದೂ ಮಾಡ್ಸಿ ಎಳಿಯೂದೂ ಮಾಡ್ಸಿದಂಗ,' ಎಂದು ಮೇಸ್ತ್ರಿ ಮುಗಿಸಿದ. 'ಲೆಕ್ಕಕ್ಕ ಸರಿಯಾಗಿ ಹೊರ್ಸಿದ್ರ ನೂರು ವರ್ಷ ಬಾಳತೈತಿ. ಹೆಚ್ಚಾತಂದ್ರ ನಡ ಮುರೀತೈತಿ.'

ಹೊರಗಿನಿಂದ ಗುರುತಿಸುವುದು ಸುಲಭ. ಫುಲ್ ಫ್ಲೋಟಿಂಗ್ ಅಚ್ಚಿನಲ್ಲಿ ಗಾಲಿಯ ನಡುವಿನಿಂದ, ತಂಬಿಗೆಯನ್ನು ಬೋರಲು ಹಾಕಿದಂತೆ, ಹಬ್ಬು ಹೊರಕ್ಕೆ ಚಾಚಿಕೊಂಡಿದ್ದು ಅದರ ಮುಖದ ಸುತ್ತ ಬೋಲ್ಟುಗಳ ಸಾಲಿರುತ್ತದೆ. ಸೆಮಿ ಫ್ಲೋಟಿಂಗ್ ಅಚ್ಚಿನಲ್ಲಿ ಆ ಉಬ್ಬಿಲ್ಲ. ಮೇಸ್ತ್ರಿ ಹಿಂದಿನ ಗಾಲಿಯ ಮಣ್ಣನ್ನು ಕೆರೆದು ಒರೆಸಿದ. ಉಬ್ಬಿರಲಿಲ್ಲ. ಗಾಲಿಯ ನಟ್ಟುಗಳನ್ನು ಎಣಿಸಿದ. ಆರು. ಮುಕ್ಕಾಲು ಟನ್ನಿನದಕ್ಕೂ ಒಂದು ಟನ್ನಿನದಕ್ಕೂ ಎಂಟು ನಟ್ಟಿರಬೇಕು; ಆರಿರುವುದು ಅರ್ಧ ಟನ್ನಿನದಕ್ಕೆ.

ಮುಂದೆ ಟೇಪು ಹಿಡಿದರು. ಗಾಡಿಯ ಹಿಂದಿನ ಡಬ್ಬ ಕಾರ್ಖಾನೆಯದಾಗಿರಲಿಲ್ಲ. ಊರ ಬಡಗಿ ಹೊನ್ನೆಯ ಹಲಗೆಯಿಂದ ಉದ್ದವಾಗಿ ಕಟ್ಟಿದ್ದು. ಆದ್ದರಿಂದ ಅದನ್ನು ಅಳೆದು ಪ್ರಯೋಜನವಿಲ್ಲ. ಮುಂದಿನ ಗಾಲಿಯ ನಡುವಿನಿಂದ ಹಿಂದಿನ ಗಾಲಿಯ ನಡುವಿಗೆ ಅಳೆಯಬೇಕು. 3800 ಆಗಿದ್ದರೆ 137 ಅಂಗುಲ, ಎಂದರೆ ಹನ್ನೊಂದು ಅಡಿ ಐದು ಅಂಗುಲ ಬರಬೇಕು. ಬಂದದ್ದು ಒಂಬತ್ತು ಅಡಿ ಎಂಟು ಅಂಗುಲ. ಮೇಷ್ಟ್ರು ಬಾಯಿಲೆಕ್ಕದಲ್ಲೇ 116 ಅಂಗುಲ ಎಂದರು. 'ಅದs ನೋಡ್ರಿ, 3100' ಎಂದ ಮೇಸ್ತ್ರಿ.

ಉಳಿದದ್ದು ಹಲ್ಲುಗಳ ಸಾಕ್ಷ್ಯ. ಹಿಂದಿನ ಅಚ್ಚಿನ ನಡುವಿನ ಗುಂಡು ಹೊಟ್ಟೆಯೊಳಗೆ ಕ್ರೌನು, ಪಿನಿಯನ್ನು ಎಂಬ ಎರಡು ಹಲ್ಲಿನ ಚಕ್ರಗಳಿರುತ್ತವೆ. ಮುಂದಿನಿಂದ ಬರುವ ದಂಡ ಎಷ್ಟು ಸುತ್ತು ತಿರುಗಿದರೆ ಗಾಲಿ ಒಂದು ಸುತ್ತು ತಿರುಗುತ್ತದೆಂಬುದನ್ನು ಅವು ನಿರ್ಧರಿಸುತ್ತವೆ. ದಂಡ ಕಣ್ಣಿಗೆ ಕಾಣುವಂತಿದ್ದರೆ ಒಂದು ಸುಲಭೋಪಾಯವಿದೆ: ಗೇರನ್ನು ನ್ಯೂಟ್ರಲಿಗೆ ಹಾಕಿ, ಹಿಂದಿನ ಒಂದು ಗಾಲಿಯನ್ನು ನೆಲದ ಮೇಲೆಯೇ ಬಿಟ್ಟು ಇನ್ನೊಂದನ್ನು ಜಾಕಿಯಿಂದೆತ್ತಿ ಎರಡು ಸುತ್ತು ತಿರುಗಿಸಬೇಕು, ಅಷ್ಟರಲ್ಲಿ ದಂಡ ಎಷ್ಟು ಸುತ್ತು ತಿರುಗಿತೋ ಅದೇ ಆ ಅಚ್ಚಿನ ಪ್ರಮಾಣ. ಆದರೆ 1954ರವರೆಗಿನ ಅರ್ಧ ಟನ್ನಿನ ಷೆವರ್ಲೆಯಲ್ಲಿ ಈ ದಂಡ ಒಂದು ಕೊಳವೆಯೊಳಗೆ ಅಡಗಿರುತ್ತದೆ. ಹಾಗಾಗಿ ಹಿಂದಿನ ಮುಚ್ಚಳವನ್ನೇ ಬಿಚ್ಚಿ, ಒಂದು ಹಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ ಎಣಿಸಬೇಕಾಯಿತು. ಒಂದು ಟನ್ನಿನದರಲ್ಲಿ ಕ್ರೌನಿಗೆ 36 ಹಲ್ಲು, ಪಿನಿಯನ್ನಿಗೆ 7. ಅರ್ಧ ಟನ್ನಿನದರಲ್ಲಿ ಕ್ರೌನಿಗೆ 37, ಪಿನಿಯನ್ನಿಗೆ 9. ಕ್ರೌನಿನಲ್ಲಿ ಒಂದೇ ಒಂದು ಹಲ್ಲಿನ ಅಂತರ. ತರುಣ ಒಮ್ಮೆ ಎಣಿಸಿದ, ಮೇಷ್ಟ್ರು ಒಮ್ಮೆ ಎಣಿಸಿದರು. ಇಬ್ಬರಿಗೂ ಮೂವತ್ತೇಳೇ ಬಂದಿತು.

ತರುಣನಿಗೆ ಸಂತೋಷವಾಯಿತು. 3100ಕ್ಕೆ ಹಳೆಯ ಗಾಡಿಯ ಪ್ರಿಯರಲ್ಲಿ ಮನ್ನಣೆ ಹೆಚ್ಚು. ಆತ ಬೆಲೆಯ ಮಾತಿಗೆ ಬಂದ. ಮೇಷ್ಟ್ರು ಮಾತ್ರ ಹಲ್ಲಿನ ಚಕ್ರವನ್ನು ನೋಡುತ್ತಲೇ ನಿಂತಿದ್ದರು. ಬಳಿಕ ಮೇಸ್ತ್ರಿಯನ್ನು ಕೇಳಿದ್ದು ಬೆಲೆಗೆ ಸಂಬಂಧಿಸದ ಒಂದು ಪ್ರಶ್ನೆ.

'ಗಾಲಿಯ ನಟ್ಟು ಸಡಿಲವಾಗಿ ಗಾಲಿ ಕಳಚಿದರೆ ಡ್ರಮ್ಮು ಗಾಡಿಯಲ್ಲೇ ಉಳಿಯುತ್ತದೆಯೋ, ಗಾಲಿಯೊಡನೆ ಹೋಗುತ್ತದೆಯೋ?'

'ನಟ್ಟು ಬಿಚ್ಚಿದ್ರ ಡ್ರಮ್ಮು ಗಾಡಿಯಾಗs ಉಳೀತೈತ್ರಿ. ಡ್ರಮ್ಮು ಸಮೇತ ಹೋತಂದ್ರ ದಂಡ ಮುರದಂಗ. ಇಲ್ಲಿ ನೋಡ್ರಿ, ಎಡಗಡೀದು ಹಳೇ ದಂಡ, ಬಲಗಡೀದು ಆಮ್ಯಾಲ ಹಾಕಿದ್ದು.'

ಮೇಷ್ಟ್ರು ಅಲ್ಲಿಯೇ ಇದ್ದ ಕಲ್ಲಿನ ಮೇಲೆ ಕುಳಿತುಬಿಟ್ಟರು.

ಅವರಿಗಾಗ ಎಂಟು ವರ್ಷ. ಅರುವತ್ತರ ದಶಕದ ಆರಂಭದ ಒಂದು ಸುಗ್ಗಿ. ಶೇಂಗಾ ಹೇರಿಕೊಂಡು ಕೊಟ್ಟೂರಿನ ಪೇಟೆಗೆ ಹೊರಟಿದ್ದ ಪಿಕಪ್ಪು ಹಳ್ಳದ ಇಳಿಜಾರಿನಲ್ಲಿ ಬಲಗಾಲಿ ಕಳಚಿ ಮಗುಚಿಕೊಂಡಿತು. ಚೀಲಗಳು ಒಡೆದು ಶೇಂಗಾ ಹಳ್ಳದ ಪಾಲಾಯಿತು. ಮೇಲೆ ಕುಳಿತಿದ್ದ ಹಮಾಲಿಯ ಕಾಲು ಮುರಿಯಿತು. ಸುದ್ದಿ ಕೇಳಿ ಓಡಿದವರ ಹಿಂದೆ ಬಾಲಕನೂ ಓಡಿದ್ದ. ಜೋಳದ ಹೊಲದ ನಡುವೆ ಗಾಲಿ ಬಿದ್ದಿದ್ದುದನ್ನು ಮೊದಲು ಕಂಡವನು ಅವನೇ. ಅದರ ಬೆನ್ನಿಗೆ ಕಬ್ಬಿಣದ ಡ್ರಮ್ಮು ಅಂಟಿಕೊಂಡಿತ್ತು. ಮುಟ್ಟಿ ಕೈ ಸುಟ್ಟುಕೊಂಡದ್ದರಿಂದ ಅದು ಮರೆತಿರಲಿಲ್ಲ.

ಸಾಹುಕಾರರು ಅಂದೇ ಸಂಜೆ ಕಟ್ಟೆಯ ಮೇಲೆ ತೀರ್ಪು ಹೇಳಿದರು. ಒಂದು ಟನ್ನಿನ ಗಾಡಿಗೆ ಒಂದು ಟನ್ನು ಹೇರಿದ್ದರು. ಗಾಡಿಯ ತಪ್ಪಿಲ್ಲ, ಹೇರಿದವರ ತಪ್ಪಿಲ್ಲ. ಆದುದರಿಂದ ನಟ್ಟು ಬಿಗಿಯದ ಡ್ರೈವರನದೇ ತಪ್ಪು. ತರ್ಕ ಅಚ್ಚುಕಟ್ಟಾಗಿತ್ತು, ಮೊದಲ ಮಾತೊಂದು ಸರಿಯಾಗಿರಲಿಲ್ಲ, ಅಷ್ಟೆ. ಡ್ರೈವರನ ಬಾಕಿ ಉಳಿದಿದ್ದ ಮೂರು ತಿಂಗಳ ಸಂಬಳವನ್ನು ನಷ್ಟಕ್ಕೆ ಮುರಿದುಕೊಂಡು ಅವನನ್ನು ಬಿಡಿಸಿದರು. ಗಾಲಿ ಬಿಗಿಯದ ಡ್ರೈವರನೆಂದು ಹೆಸರಾದವನನ್ನು ಸುತ್ತಿನ ಊರುಗಳಲ್ಲಿ ಯಾರೂ ಕರೆಯಲಿಲ್ಲ. ಆತ ಹೊಸಪೇಟೆಯ ಕಡೆ ಕೂಲಿಗೆ ಹೋಗಿ, ಮುದಿತನದಲ್ಲಿ ಊರಿಗೆ ಮರಳಿ, ಇಲ್ಲಿಯೇ ತೀರಿಕೊಂಡ. ಸ್ಟೇರಿಂಗು ಮತ್ತೆ ಹಿಡಿಯಲಿಲ್ಲ.

ಸಾಹುಕಾರರು ಕೆಟ್ಟವರಲ್ಲ. ಹಮಾಲಿಯ ಕಾಲಿಗೆ ತಾವೇ ಖರ್ಚು ಮಾಡಿದರು. ಬಾನೆಟ್ಟಿನ ಅಂಕಿಯನ್ನು ನಂಬಿದರು. ಗಾಡಿ ಏರಿನಲ್ಲಿಯೂ ಸಲೀಸಾಗಿ ಎಳೆಯುತ್ತಿದ್ದುದರಿಂದ ಆ ನಂಬಿಕೆ ಬಲಿಯಿತು. ಎಳೆಯದಿರುವುದೇಕೆ? ಮೂರು ಬಗೆಯ ಪಿಕಪ್ಪಿಗೂ ಇದ್ದದ್ದು ಒಂದೇ 216 ಘನ ಅಂಗುಲದ, ಆರು ಸಿಲಿಂಡರಿನ ಎಂಜಿನು. ಎಳೆಯುವ ಶಕ್ತಿ ಸಮಾನ; ಹೊರುವ ಶಕ್ತಿ ಬೇರೆ. ಹಿಂಭಾಗ ಕುಸಿಯುತ್ತದೆಂದು ಒಮ್ಮೆ ಡ್ರೈವರನು ಹೇಳಿದಾಗ ಕಮಾನಿಗೆ ಎರಡು ಪಟ್ಟಿ ಹೆಚ್ಚಿಗೆ ಹಾಕಿಸಿದ್ದರು. ಅಂದಿನಿಂದ ಕಮಾನು ಬಗ್ಗಲಿಲ್ಲ. ದೂರುವ ಬಾಯಿ ಮುಚ್ಚಿತು. ಹೊರೆ ಮಾತ್ರ ಕಡಿಮೆಯಾಗಲಿಲ್ಲ. ದುಡಿಯುವವನು ದೂರಿಕೊಳ್ಳದಿದ್ದರೆ ಅವನಿಗೆ ಭಾರವಾಗಿಲ್ಲವೆಂದು ತಿಳಿಯುವುದು ಲೋಕದ ರೂಢಿ.

ಆ ದಿನ ವ್ಯಾಪಾರ ಕುದುರಲಿಲ್ಲ. ಮೇಷ್ಟ್ರು ತರುಣನಿಗೆ ಎರಡು ದಿನ ತಡೆಯಲು ಹೇಳಿ, ಸಂಜೆ ಊರಿನ ಕೆಳಗೇರಿಗೆ ನಡೆದರು. ಡ್ರೈವರನ ಮಗಳು ಎಪ್ಪತ್ತು ದಾಟಿದ ಮುದುಕಿ, ಮೊಮ್ಮಗನೊಡನೆ ಅಲ್ಲಿ ವಾಸವಾಗಿದ್ದಳು. ಬಾಲ್ಯದಲ್ಲಿ ಒಂದೇ ಓಣಿಯಲ್ಲಿ ಆಡಿದವರು. ಆ ಸುಗ್ಗಿಯ ಅನಂತರ ಎದುರಾದಾಗ ನೆಲ ನೋಡುತ್ತ ಸಾಗಿದವರು.

'ಬರ್ರಿ ಮೇಷ್ಟ್ರೆ, ಕುಂದ್ರಿ,' ಎಂದು ಆಕೆ ಕಂಬಳಿ ಹಾಸಿದಳು. ಮೇಷ್ಟ್ರು ಕುಳಿತರು, ಹೇಗೆ ಆರಂಭಿಸಬೇಕೆಂದು ತಿಳಿಯದೆ ನಟ್ಟು, ಡ್ರಮ್ಮು, ಹಲ್ಲಿನ ಲೆಕ್ಕ ಎಲ್ಲವನ್ನೂ ಶಾಲೆಯ ಪಾಠದಂತೆ ಒಪ್ಪಿಸಿದರು. ಕೊನೆಯಲ್ಲಿ, 'ಅಕ್ಕಾ, ನಿಮ್ಮಪ್ಪನ ತಪ್ಪು ಏನೂ ಇರಲಿಲ್ಲ. ತಪ್ಪು ನಮ್ಮ ಮನೆಯದು' ಎಂದರು.

ಮುದುಕಿ ಬಹಳ ಹೊತ್ತು ಸುಮ್ಮನಿದ್ದು, ಅಂಗಳದ ಕಡೆಗೆ ಕೈ ತೋರಿಸಿದಳು. ಅಲ್ಲಿ ಆಡು ಕಟ್ಟುವ ಗೂಟವೊಂದಿತ್ತು. ಮೇಷ್ಟ್ರು ಹತ್ತಿರ ಹೋಗಿ ಬಗ್ಗಿದರು. ಅದು ಮರದ್ದಲ್ಲ, ಕಬ್ಬಿಣದ್ದು. ನೆಲದಲ್ಲಿ ಹೂತಿದ್ದ ದಪ್ಪ ದಂಡ, ಮೇಲೆ ತಟ್ಟೆಯಂತಹ ತುದಿ, ತಟ್ಟೆಯ ಸುತ್ತ ಆರು ತೂತುಗಳು. ಒಂದು ತೂತಿನಲ್ಲಿ ಆಡಿನ ಹಗ್ಗ.

'ಅಪ್ಪ ಅದನ್ನ ಹೆಗಲ ಮ್ಯಾಲ ಹೊತ್ಕೊಂಡು ನಿಮ್ಮ ಪಡಸಾಲಿಗೆ ಬಂದಿದ್ದ. ಸಾವ್ಕಾರ್ರs, ಒಂದು ಸಲ ಇದನ್ನ ನೋಡ್ರಿ ಅಂದ. ನಿಮ್ಮಪ್ಪಾರು ನೋಡ್ಲಿಲ್ಲ. ಮನಿಗೆ ತಂದು ಇಲ್ಲಿ ಹೂತ. ನನ್ನ ಸಾಕ್ಷಿ ಇಲ್ಲಿರ್ಲಿ ಅಂದ.'

ಮೇಷ್ಟ್ರು ಗಾಡಿ ಮಾರಿ ಬರುವ ಹಣವನ್ನು ಆಕೆಯ ಮೊಮ್ಮಗನ ಓದಿಗೆ ಕೊಡುವುದಾಗಿ ಹೇಳಿದರು. ಆಕೆ ಒಪ್ಪಲಿಲ್ಲ. 'ಅಪ್ಪಂದು ಮೂರು ತಿಂಗಳ ಸಂಬಳ ಬಾಕಿ ಐತಿ. ಅದನ್ನ ಕೊಡ್ರಿ, ತಗೊಂತೀನಿ. ಹೆಚ್ಚಿಗಿ ಬ್ಯಾಡ. ಇನ್ನೊಂದು ಮಾತು. ಆವತ್ತು ಯಾವ ಕಟ್ಟಿ ಮ್ಯಾಲ ತಪ್ಪು ಅಂದ್ರೋ ಅದs ಕಟ್ಟಿ ಮ್ಯಾಲ ತಪ್ಪಲ್ಲ ಅನ್ರಿ.'

ಮೊದಲನೆಯದು ಲೆಕ್ಕದ ಸಮಸ್ಯೆ. ಅಂದಿನ ಮೂರು ತಿಂಗಳ ಸಂಬಳವನ್ನು ರೂಪಾಯಿಗೆ ರೂಪಾಯಿ ಕೊಟ್ಟರೆ ಅದು ಇಂದು ಒಂದು ಹೊತ್ತಿನ ಸಂತೆಗೂ ಸಾಲದು. ಮೇಷ್ಟ್ರು ತಂದೆಯ ಹಳೆಯ ಖಾತೆಪುಸ್ತಕವನ್ನು ಹುಡುಕಿ ತೆಗೆದು, ಆ ಸಂಬಳಕ್ಕೆ ಆ ವರ್ಷ ಎಷ್ಟು ಚೀಲ ಶೇಂಗಾ ಬರುತ್ತಿತ್ತೆಂದು ಲೆಕ್ಕಹಾಕಿ, ಅಷ್ಟು ಚೀಲಕ್ಕೆ ಇಂದಿನ ಪೇಟೆಯ ಬೆಲೆ ಕಟ್ಟಿದರು. ನಲವತ್ತು ವರ್ಷ ಕಲಿಸಿದ ಗಣಿತ ಇಷ್ಟು ಭಾರವಾಗಿ ಅವರಿಗೆ ಎಂದೂ ತೋರಿರಲಿಲ್ಲ.

ಎರಡನೆಯದು ಲೆಕ್ಕಕ್ಕೆ ಸಿಗುವುದಲ್ಲ. ಸತ್ತ ತಂದೆಯ ಮಾತು ತಪ್ಪೆಂದು ಊರ ಮುಂದೆ ಮಗ ಹೇಳಬೇಕು. ಮನೆಯಲ್ಲಿ ಮಕ್ಕಳು, 'ಈಗ ಯಾರಿಗೆ ನೆನಪಿದೆ? ಯಾಕೆ ಕೆದಕುತ್ತೀರಿ?' ಎಂದರು. ನೆನಪಿದ್ದವಳೊಬ್ಬಳು ದಿನವೂ ಅದಕ್ಕೆ ಆಡು ಕಟ್ಟುತ್ತಿದ್ದಾಳೆಂದು ಮೇಷ್ಟ್ರು ಉತ್ತರ ಕೊಟ್ಟರು.

ಮುಂದಿನ ಸೋಮವಾರ ಸಂಜೆ ಕಟ್ಟೆಯ ಮೇಲೆ ಇದ್ದವರು ಹತ್ತು ಹನ್ನೆರಡು ಜನ. ಅರ್ಧದಷ್ಟು ಹುಡುಗರು ಮೊಬೈಲು ನೋಡುತ್ತಿದ್ದರು. ಮೇಷ್ಟ್ರು ಎದ್ದು ನಿಂತು, ಅಲಂಕಾರವಿಲ್ಲದ ನಾಲ್ಕು ಮಾತು ಹೇಳಿದರು: ಆ ಗಾಡಿ ಅರ್ಧ ಟನ್ನಿನದು; ಅದಕ್ಕೆ ತಮ್ಮ ತಂದೆ ಒಂದು ಟನ್ನು ಹೇರಿಸುತ್ತಿದ್ದರು; ಗಾಲಿ ಬಿದ್ದದ್ದು ದಂಡ ಮುರಿದು; ನಟ್ಟು ಬಿಗಿಯಾಗಿಯೇ ಇತ್ತು. ಹುಡುಗರಿಗೆ ಏನೂ ಅರ್ಥವಾಗಲಿಲ್ಲ. ಮೂಲೆಯಲ್ಲಿ ಕುಳಿತಿದ್ದ ಇಬ್ಬರು ಮುದುಕರಲ್ಲಿ ಒಬ್ಬ ತಲೆಯ ರುಮಾಲನ್ನು ಬಿಚ್ಚಿ ಮತ್ತೆ ಸುತ್ತಿಕೊಳ್ಳುತ್ತ, 'ಅವ ಚಲೋ ಡ್ರೈವರ ಇದ್ದ ಬಿಡ್ರಿ' ಎಂದ. ಅಷ್ಟು ಮಾತಿಗಾಗಿ ಮುದುಕಿ ದೂರದ ಬೇವಿನ ಮರದ ಮರೆಯಲ್ಲಿ ನಿಂತಿದ್ದಳು. ಕೇಳಿಸಿಕೊಂಡು ಮನೆಗೆ ಹೋದಳು.

ಗಾಡಿ ಬೆಂಗಳೂರಿಗೆ ಹೋಯಿತು. ಮಾರಾಟದ ಕಾಗದದಲ್ಲಿ ಮೇಷ್ಟ್ರು ತಮ್ಮ ಕೈಯಾರೆ 'ಷೆವರ್ಲೆ 3100, ಅರ್ಧ ಟನ್ನು' ಎಂದು ಬರೆದರು. ಬಾನೆಟ್ಟು ಬೇರೆ ಗಾಡಿಯದೆಂಬುದನ್ನೂ ಬರೆದರು. ಹೊರಡುವ ಮುನ್ನ ತರುಣ ಆ ಗೂಟದ ಸುದ್ದಿ ಕೇಳಿ ಕೆಳಗೇರಿಗೆ ಹೋದ. ಗಾಡಿಯೊಡನೆ ಅದರ ಮೂಲದ ದಂಡವೂ ಇದ್ದರೆ ಅದಕ್ಕೊಂದು ಶೋಭೆಯೆಂದು, ಕೇಳಿದಷ್ಟು ಹಣ ಕೊಡುವುದಾಗಿ ಹೇಳಿದ.

ಮುದುಕಿ ನಕ್ಕಳಂತೆ. 'ಅದನ್ನ ಕೊಟ್ರ ಆಡು ಎಲ್ಲಿ ಕಟ್ಲಿ, ತಮ್ಮಾ?' ಎಂದಳಂತೆ.

ಗೂಟ ಅಲ್ಲಿಯೇ ಇದೆ. ಸಾಕ್ಷಿ ಹೇಳುವ ಕೆಲಸ ಮುಗಿದದ್ದರಿಂದ ಈಗ ಅದಕ್ಕೆ ಹೊರೆ ಹಗುರವಾಗಿದೆ. ಒಂದು ಆಡಿನದು ಮಾತ್ರ.